ಬಂಗಾರದ ಗುಡ್ಡಕ್ಕೆ ಹೋಗಿ ಬಂದದ್ದು

ರೋಹಿಣಿಯಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕಾಡು ಎಂದರೆ ಸ್ವರ್ಣ ಜಯಂತಿ ಪಾರ್ಕು, ಗುಡ್ಡ ಎಂದರೆ ಭಲ್ಸ್ವಾ. ಪಾರ್ಕನ್ನು ಇಲ್ಲಿಯವರೆಲ್ಲ ಜಪಾನೀ ಪಾರ್ಕು ಎಂದೇ ಕರೆಯುತ್ತಾರೆ. ಅಲ್ಲಿ ಜಪಾನೀಯರೂ ಇಲ್ಲ, ಸ್ವರ್ಣವೂ ಇಲ್ಲ, ಆದರೂ ಭಾನುವಾರ ಬೆಳಗಿನ ಹೊತ್ತು ನಾಲ್ಕು ಮರಗಳ ನೆರಳು ಸಿಗುತ್ತದೆ, ಅದಕ್ಕೆ ನಾವು ಕೃತಜ್ಞರು. ಭಲ್ಸ್ವಾ ಎಂಬುದು ದಿಲ್ಲಿಯ ಕಸವನ್ನು ವರ್ಷಗಟ್ಟಲೆ ತಂದು ಸುರಿದು ಸುರಿದು ಎದ್ದ ದಿಬ್ಬ. ಆ ಕಡೆಯ ರಸ್ತೆಯಲ್ಲಿ ಬಸ್ಸು ಹೋಗುವಾಗ ಅದರ ನೆತ್ತಿಯ ಮೇಲೆ ಹದ್ದುಗಳು ಸುತ್ತುವುದು ಕಾಣುತ್ತದೆ. ಬೇಸಗೆಯಲ್ಲಿ ಒಮ್ಮೊಮ್ಮೆ ಬೆಂಕಿ ಹೊತ್ತಿ ಹೊಗೆಯೂ ಏಳುತ್ತದೆ. ಎರಡನೆಯ ತರಗತಿಯಲ್ಲಿರುವ ನಮ್ಮ ಮಗಳು, ಪರ್ವತದ ಚಿತ್ರ ಬರೆಯಿರಿ ಎಂದು ಶಾಲೆಯಲ್ಲಿ ಹೇಳಿದ್ದಕ್ಕೆ, ಬೂದು ಬಣ್ಣದ ಒಂದು ರಾಶಿ ಬರೆದು, ಅದರ ಮೇಲೆ ಹೊಗೆ ಎಬ್ಬಿಸಿ, ಎರಡು ಹದ್ದು ಕೂಡಿಸಿ ತಂದಿದ್ದಳು. ಅದಕ್ಕೆ ‘ಗುಡ್’ ಕೂಡ ಸಿಕ್ಕಿತ್ತು. ನಾವು ಗಂಡ ಹೆಂಡಿರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬರುವ ರಜಕ್ಕೆ ಈ ಮಕ್ಕಳಿಗೆ ನಿಜವಾದ ಒಂದು ಗುಡ್ಡ ತೋರಿಸಲೇಬೇಕು ಎಂದು ಅಂದೇ ನಿಶ್ಚಯವಾಯಿತು.

ಸರಕಾರದ ಗುಮಾಸ್ತರಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಲು ಪ್ರಯಾಣದ ವೆಚ್ಚ ಸಿಗುತ್ತದೆಂಬುದು ವಾಚಕರಲ್ಲಿ ಬಹುಮಂದಿಗೆ ಸ್ವಾನುಭವದಿಂದಲೇ ತಿಳಿದ ಸಂಗತಿ. ನಮ್ಮ ಕಚೇರಿಯಲ್ಲಿ ಎಲ್.ಟಿ.ಸಿ. ಎಂದರೆ ಅಂಡಮಾನ್, ಇಲ್ಲವೆ ಕಾಶ್ಮೀರ; ವಿಮಾನದ ಟಿಕೆಟ್ಟು, ಹಿಂದಿರುಗಿದ ಮೇಲೆ ಒಂದು ವಾರ ಮೊಬೈಲಿನಲ್ಲಿ ಚಿತ್ರಪ್ರದರ್ಶನ. ನಮ್ಮ ಅರ್ಜಿಯಲ್ಲಿ ‘ಹೋಗುವ ಸ್ಥಳ’ ಎಂಬಲ್ಲಿ ಗದಗ ಎಂದು ಬರೆದದ್ದನ್ನು ಕಂಡು ಪಕ್ಕದ ಮೇಜಿನ ಮಿತ್ರರು, “ಗದಗಿನಲ್ಲಿ ಏನಿದೆ?” ಎಂದು ಕೇಳಿದರು. “ಚಿನ್ನವಿದೆ” ಎಂದೆವು. ಅವರು ನಕ್ಕರು. ನಾವು ಹೇಳಿದ್ದು ಹಾಸ್ಯವಾಗಿರಲಿಲ್ಲ.

ಗದಗದ ಕಡೆಗೆ ನಮಗೆ ಬೇರೆ ಒಂದು ಸೆಳೆತವೂ ಉಂಟು. ನಾವು ಹುಟ್ಟಿ ಬೆಳೆದದ್ದು ಬಂಗಾರಪೇಟೆಯ ಹತ್ತಿರದ ಹಳ್ಳಿ. ನಮ್ಮ ಮನೆಯವರದು ಮುಂಡರಗಿ. ಕೋಲಾರದ ಹುಡುಗನಿಗೂ ಮುಂಡರಗಿಯ ಹುಡುಗಿಗೂ ಗಂಟು ಬಿದ್ದದ್ದು ದಿಲ್ಲಿಯ ಕನ್ನಡಿಗರ ಒಂದು ಯುಗಾದಿ ಊಟದ ಪಂಕ್ತಿಯಲ್ಲಿ. ಇಬ್ಬರ ಊರುಗಳಿಗೂ ಸಾಮಾನ್ಯವಾದದ್ದು ಏನಿದೆ ಎಂದು ಆಗ ಹಿರಿಯರು ಹುಡುಕುತ್ತಿದ್ದರು. ಎರಡರ ನೆಲದಡಿಯಲ್ಲೂ ಬಂಗಾರವಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ವರದಕ್ಷಿಣೆಯ ಮಾತು ಬರುತ್ತಿತ್ತೋ ಏನೋ, ಬಾರದಿದ್ದುದೇ ಒಳ್ಳೆಯದಾಯಿತು.

ನಿಜಾಮುದ್ದೀನಿನಲ್ಲಿ ಮಧ್ಯಾಹ್ನ ಗೋವಾ ಎಕ್ಸ್‌ಪ್ರೆಸ್ ಹತ್ತಿ, ಎರಡು ರಾತ್ರಿ ಕಳೆದು ಲೋಂಡಾದಲ್ಲಿ ಇಳಿದು, ಅಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಗದಗ, ಗದಗದಿಂದ ಬಸ್ಸಿನಲ್ಲಿ ಮುಂಡರಗಿ ಸೇರಿದೆವು. ದಾರಿಯ ಕಥೆ ಬೇಡ. ಚಪಾತಿ, ಉಪ್ಪಿನಕಾಯಿ, ಮೇಲಿನ ಬರ್ತಿಗೆ ಮಕ್ಕಳ ಜಗಳ, ಇವು ಎಲ್ಲರಿಗೂ ಗೊತ್ತಿದ್ದವೇ. ಒಂದು ಮಾತು ಮಾತ್ರ ಹೇಳಬೇಕು. ಮಗಳಿಗೆ ಎರಡು ವರ್ಷದಿಂದ ಚಳಿಗಾಲ ಹತ್ತಿರ ಬಂತೆಂದರೆ ಉಬ್ಬಸ. ದೀಪಾವಳಿಯಿಂದ ಸಂಕ್ರಾಂತಿಯ ತನಕ ಮುಖಕ್ಕೆ ಮುಸುಕು ಹಾಕಿ ಔಷಧದ ಹಬೆ ಕೊಡುವ ಯಂತ್ರ ಮನೆಯಲ್ಲಿ ದೇವರ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ. ಅದನ್ನೂ ಬಟ್ಟೆಯ ನಡುವೆ ಸುತ್ತಿ ತಂದಿದ್ದೆವು.

ನಮ್ಮ ಮಾವನವರು ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಸುತ್ತಿನ ಹತ್ತು ಹಳ್ಳಿಯ ಮಣ್ಣಿನ ಬಣ್ಣ ಅವರಿಗೆ ಬಾಯಿಪಾಠ. ಮಹಾನವಮಿಯ ದಿನ ಬೆಳಿಗ್ಗೆ ಒಂದು ಜೀಪು ಗೊತ್ತುಮಾಡಿ, ಬುತ್ತಿ ಕಟ್ಟಿಸಿ, “ಎಪ್ಪತ್ತು ಗಿರಿ ನೋಡೋದಕಿಂತ ಕಪ್ಪತಗಿರಿ ನೋಡೋದು ಲೇಸು ಅಂತ ನಮ್ಮ ಕಡೆ ಮಾತೈತ್ರಿ ಅಳಿಯಾರ. ಉಳಿದ ಅರವತ್ತೊಂಬತ್ತು ನಾನೂ ನೋಡಿಲ್ಲ. ಇದೊಂದು ನೋಡೇವಿ, ಸಾಕು” ಎಂದು ಮುಂದಿನ ಸೀಟಿನಲ್ಲಿ ಕುಳಿತರು. ಜೀಪು ನಡೆಸಿದವನು ನಮ್ಮ ಮೈದುನ, ಅಂದರೆ ಮನೆಯವರ ತಮ್ಮ. ಅವನು ಐ.ಟಿ.ಐ. ಮುಗಿಸಿದವನು; ಹೊಸಪೇಟೆ, ಹುಬ್ಬಳ್ಳಿ ಎಂದು ಅಲೆದು ಈಗ ಗುಡ್ಡದ ಮೇಲಿನ ಗಾಳಿಯಂತ್ರಗಳ ಕೆಲಸದಲ್ಲಿ ಗುತ್ತಿಗೆಯ ನೌಕರ. ಆ ದಿನ ಅವನು ಬಹಳ ಮಾತಾಡಲಿಲ್ಲ. ಮಾತು ಬಂದದ್ದು ಮೇಲೆ ಹೋದ ಮೇಲೆ.

ಕಪ್ಪತಗುಡ್ಡ ಒಂದು ಗುಡ್ಡವಲ್ಲ, ಗುಡ್ಡಗಳ ಒಂದು ಸಾಲು. ಗದಗದ ಹತ್ತಿರ ಬಿಂಕದಕಟ್ಟಿಯಲ್ಲಿ ತಲೆ ಎತ್ತಿ, ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳನ್ನು ಹಾಯ್ದು, ತುಂಗಭದ್ರೆಯ ದಡದ ಶಿಂಗಟಾಲೂರಿನಲ್ಲಿ ಮುಗಿಯುತ್ತದೆ. ಉದ್ದ 60 ಕಿಲೋಮೀಟರಿಗೂ ಮೇಲೆ. ಸುತ್ತಲೂ ಎರೆಹೊಲ, ಹತ್ತಿ, ಜೋಳ, ಶೇಂಗಾ. ನಡುವೆ ಈ ಹಸಿರು ಬೆನ್ನು. ಡಂಬಳದಲ್ಲಿ ಇಳಿದು ದೊಡ್ಡಬಸಪ್ಪನ ಗುಡಿ ನೋಡಿದೆವು. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ಅದರ ಗೋಡೆಯ ಸುತ್ತ ಮಕ್ಕಳು ಓಡಿ ಎಷ್ಟು ಮೂಲೆ ಎಂದು ಎಣಿಸಿ ಇಬ್ಬರೂ ಬೇರೆ ಬೇರೆ ಲೆಕ್ಕ ಹೇಳಿದರು. ಇದೇ ಡಂಬಳದಲ್ಲಿ 1095ರಲ್ಲಿ ಬೌದ್ಧರ ತಾರಾದೇವಿಗೆ ದತ್ತಿ ಬಿಟ್ಟ ಶಾಸನವೂ ದೊರೆತಿದೆ. ಗದಗದ ಆ ಬದಿಯ ಲಕ್ಕುಂಡಿಯ ಹೆಸರಿನಲ್ಲಿ ಲೊಕ್ಕಿ ಗದ್ಯಾಣವೆಂಬ ಹೊನ್ನಿನ ನಾಣ್ಯ ನಡೆಯುತ್ತಿತ್ತು. ಒಟ್ಟಿನಲ್ಲಿ ಚಾಳುಕ್ಯರ ಕಾಲದಿಂದ ಈ ಸೀಮೆಗೆ ಹೊನ್ನು ಹೊಸದಲ್ಲ.

ಡೋಣಿ ದಾಟಿದರೆ ಏರು. ಅರಣ್ಯ ಇಲಾಖೆಯ ಚೌಕಿಯಲ್ಲಿ ಹೆಸರು ಬರೆಸಿ, ಪ್ಲಾಸ್ಟಿಕ್ ಚೀಲಗಳನ್ನು ಅಲ್ಲೇ ಬಿಟ್ಟು ಮುಂದೆ ಸಾಗಿದೆವು. ಮಳೆಗಾಲ ಮುಗಿದು ಕೆಲವೇ ದಿನವಾದ್ದರಿಂದ ಹುಲ್ಲು ಆಳೆತ್ತರ ನಿಂತಿತ್ತು. ತಂಗಡಿ ಹೂ ಬಿಟ್ಟಿತ್ತು. ಮಾವನವರು ಜೀಪು ನಿಲ್ಲಿಸಿ ನಿಲ್ಲಿಸಿ ಒಂದೊಂದು ಗಿಡಕ್ಕೂ ಹೆಸರು ಹೇಳಿದರು: ಇದು ಮಧುನಾಶಿನಿ, ಇದರ ಎಲೆ ಅಗಿದು ಸಕ್ಕರೆ ತಿಂದರೆ ಮಣ್ಣು ತಿಂದ ಹಾಗೆ, ಇದು ಅಮೃತಬಳ್ಳಿ, ಇದು ಶತಾವರಿ, ಇದು ಕಕ್ಕೆ. ಊರೂರಿನ ನಾಟಿವೈದ್ಯರು ಮೂಲಿಕೆಗಾಗಿ ಈ ಗುಡ್ಡಕ್ಕೆ ಬರುತ್ತಿದ್ದುದು ತಲೆಮಾರುಗಳಿಂದ ನಡೆದು ಬಂದದ್ದು. ನಂದಿವೇರಿ ಮಠದವರು ಈ ಗಿಡಮೂಲಿಕೆಗಳ ತಿಳಿವಳಿಕೆಯನ್ನು ಉಳಿಸಿಕೊಂಡು ಬಂದಿದ್ದಾರೆ. ಮಗ ಮಧುನಾಶಿನಿಯ ಪ್ರಯೋಗ ಮಾಡಿಯೇ ತೀರುವೆನೆಂದು ಒಂದೆಲೆ ಅಗಿದ. ಅನಂತರ ಅವನ ಪಾಲಿನ ಬೆಲ್ಲವನ್ನೆಲ್ಲ ತಂಗಿ ತಿಂದಳು.

ಇಲ್ಲಿ ತೋಳ, ಕತ್ತೆಕಿರುಬ, ಚಿರತೆ, ನರಿ, ನಾಲ್ಕು ಕೊಂಬಿನ ಕೊಂಡಕುರಿ, ನವಿಲು, ಮುಳ್ಳುಹಂದಿ ಇವೆ. ನಮಗೆ ಕಂಡದ್ದು ನವಿಲು ಮಾತ್ರ. ಉಳಿದವರೆಲ್ಲ ನಮ್ಮನ್ನು ಕಂಡಿರಬಹುದು.

ಬಂಗಾರದ ವಿಷಯಕ್ಕೆ ಬರೋಣ. ಗುಡ್ಡದ ಮಗ್ಗುಲಲ್ಲಿ ಬಿಳಿಯ ಬೆಣಚುಕಲ್ಲಿನ ಪಟ್ಟೆಗಳು ಹಸಿರುಗಪ್ಪು ಬಂಡೆಯನ್ನು ಸೀಳಿಕೊಂಡು ಹೋಗಿರುವುದನ್ನು ಮಾವನವರು ಬೆರಳು ಮಾಡಿ ತೋರಿಸಿದರು. ಚಿನ್ನ ಇರುವುದು ಇಂಥ ಬೆಣಚಿನ ನರಗಳಲ್ಲಿ. ಮಳೆ ಬಿದ್ದಾಗ ಕಲ್ಲು ಸವೆದು, ಕಣ ಕಣವಾಗಿ ಹಳ್ಳಕ್ಕೆ ಇಳಿಯುತ್ತದೆ. ಆ ಮರಳನ್ನು ತೊಳೆದು ಚಿನ್ನ ತೆಗೆಯುವವರೇ ಜಲಗಾರರು. ಜಲಗಾರ ಎಂದರೆ ಕುವೆಂಪುರವರ ನಾಟಕದಿಂದಾಗಿ ನಮಗೆಲ್ಲ ಬೀದಿ ಗುಡಿಸುವವನು ಎಂದೇ ನೆನಪು. ಆದರೆ ಈ ಕಡೆ ಜಲಗಾರರು ಮರಿಗೆಯಲ್ಲಿ ಮರಳು ತುಂಬಿ, ನೀರಿನಲ್ಲಿ ಆಡಿಸಿ ಆಡಿಸಿ, ಹಗುರವಾದದ್ದನ್ನು ಚೆಲ್ಲುತ್ತ, ತಳದಲ್ಲಿ ಉಳಿದ ಕರಿಮರಳಿನಿಂದ ಹೊನ್ನಿನ ಕಣ ಹೆಕ್ಕುವವರು. ಹಳ್ಳ ಬತ್ತಿದ ಕಾಲಕ್ಕೆ ಅಕ್ಕಸಾಲಿಗರ ಅಂಗಡಿಯ ಕಸ, ಬೂದಿ, ಚರಂಡಿಯ ಮಣ್ಣನ್ನು ತೊಳೆಯುವವರು. ನಮ್ಮ ದಿಲ್ಲಿಯಲ್ಲೂ ಇದ್ದಾರಲ್ಲ! ಚಾಂದನಿ ಚೌಕದ ದರೀಬಾದಲ್ಲಿ ಬೆಳಗಾಗುವ ಮೊದಲು ಅಂಗಡಿಗಳ ಮುಂದಿನ ಧೂಳನ್ನು ಗುಡಿಸಿ ಕೊಂಡೊಯ್ಯುವ ನಿಯಾರಿಯಾ ಎಂಬವರು ಇದೇ ಕಸುಬಿನವರು. ಜಲಗಾರರಿಗೆ ಸೊರಟೂರಿನ ಹಳ್ಳ, ಡೋಣಿಯ ಹಳ್ಳ ಹೆಸರಾಗಿದ್ದವು. ಒಂದು ದಿನ ಬಗ್ಗಿ ದುಡಿದರೆ ದಕ್ಕುತ್ತಿದ್ದುದು ಅಲ್ಪ. ಹೊನ್ನು ತೊಳೆದು ಯಾರೂ ಹೊನ್ನಿನ ಮನೆ ಕಟ್ಟಲಿಲ್ಲ.

ಕ್ಯಾಪ್ಟನ್ ನ್ಯೂಬೋಲ್ಡ್ ಎಂಬಾತ 1839ರ ಸುಮಾರಿಗೆ ಈ ಗುಡ್ಡ ಸುತ್ತಿ ಹಳ್ಳಗಳಲ್ಲಿ ಚಿನ್ನವಿದೆಯೆಂದು ಬರೆದ. ಅವನ ಹಿಂದೆ ಬಂದವನು ರಾಬರ್ಟ್ ಬ್ರೂಸ್ ಫೂಟ್. ಭಾರತದಲ್ಲಿ ಹಳೆಯ ಶಿಲಾಯುಗದ ಕೊಡಲಿಯನ್ನು 1863ರಲ್ಲಿ ಮದ್ರಾಸಿನ ಹತ್ತಿರ ಮೊದಲು ಗುರುತಿಸಿದವನೂ ಈತನೇ. ಡಂಬಳದ ಗುಡ್ಡಗಳ ಚಿನ್ನದ ಬಂಡೆಗಳ ಮೇಲೆ ಅವನ ವರದಿ 1874ರಲ್ಲಿ ಅಚ್ಚಾಯಿತು. ದಕ್ಷಿಣ ಭಾರತದ ಈ ಜಾತಿಯ ಬಂಡೆಗಳಿಗೆಲ್ಲ ‘ಧಾರವಾಡ’ ಎಂಬ ಹೆಸರನ್ನು 1880ರ ದಶಕದಲ್ಲಿ ಇಟ್ಟವನೂ ಅವನೇ. ಇಂದು ಭೂವಿಜ್ಞಾನಿಗಳು ಆ ಬಂಡೆಗಳ ಮಾತು ಎತ್ತಿದರೆ ಧಾರವಾಡದ ಹೆಸರು ಹೇಳಲೇಬೇಕು. ಪೇಢೆಯಲ್ಲದೆ ಇನ್ನೊಂದು ಕಾರಣಕ್ಕೂ ಧಾರವಾಡ ಪ್ರಸಿದ್ಧವೆಂದು ಮಗನಿಗೆ ಹೇಳಿದೆವು. ಅವನಿಗೆ ಪೇಢೆಯೇ ಹೆಚ್ಚು ಹಿಡಿಸಿತು.

ಅದು ಲೋಕವೆಲ್ಲ ಚಿನ್ನದ ಹುಚ್ಚು ಹಿಡಿದ ಕಾಲ. 1849ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಜನ ನುಗ್ಗಿದರು, 1851ರಿಂದ ಆಸ್ಟ್ರೇಲಿಯಾಕ್ಕೆ, 1896ರಲ್ಲಿ ಕೆನಡದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕ ಸುದ್ದಿ ಹರಡಿ ಮರುವರ್ಷ ಹಿಮದ ಕಣಿವೆಗಳಿಗೆ ಲಗ್ಗೆ. ಚಾರ್ಲಿ ಚಾಪ್ಲಿನ್ ತನ್ನ ಬೂಟನ್ನೇ ಬೇಯಿಸಿ ತಿನ್ನುವ ಚಿತ್ರ ನೋಡಿದವರಿಗೆ ಆ ಯಾತ್ರೆಯ ಸುಖದುಃಖ ತಿಳಿದಿದೆ. ನಮ್ಮ ದೇಶದಲ್ಲಿಯೂ 1880ರ ಹೊತ್ತಿಗೆ ವೈನಾಡು, ನೀಲಗಿರಿಯ ದೇವಾಲಾದ ಸುತ್ತ ಚಿನ್ನವಿದೆಯೆಂದು ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಹುಟ್ಟಿದವು. ಎರಡು ಮೂರು ವರ್ಷದಲ್ಲಿ ಷೇರು ಕೊಂಡವರ ದುಡ್ಡು ಕಾಡುಪಾಲಾಯಿತು. ಕೋಲಾರ ಮಾತ್ರ ನಿಂತಿತು. ಕಪ್ಪತಗುಡ್ಡದ ಸರದಿ ಬಂದದ್ದು 1900ರ ದಶಕದಲ್ಲಿ. ಹೊಸೂರು, ಕಬಲಾಯತಕಟ್ಟಿ, ಅತ್ತಿಕಟ್ಟಿಗಳ ಕಡೆ ಕಂಪನಿಗಳು ಬಂದವು, ಬಾವಿ ಇಳಿಸಿದವು, ಯಂತ್ರ ತರಿಸಿದವು. ಶಿರಹಟ್ಟಿ ಆಗ ಸಾಂಗಲಿ ಸಂಸ್ಥಾನದ್ದಾದ್ದರಿಂದ ಒಂದು ಗಣಿಗೆ ಸಾಂಗಲಿ ಎಂದೇ ಹೆಸರು. ಹತ್ತು ಹನ್ನೆರಡು ವರ್ಷ ಸಂಭ್ರಮ. ಆಳಕ್ಕೆ ಹೋದಂತೆ ಚಿನ್ನ ತೆಳುವಾಯಿತು, ಖರ್ಚು ಏರಿತು. ಒಂದೊಂದಾಗಿ ಬಾಗಿಲು ಮುಚ್ಚಿದವು. ಉಳಿದದ್ದು ಗುಂಡಿಗಳು. ದಾರಿಯ ಬದಿಯ ಪೊದೆಯೊಳಗೆ ಅಂಥ ಒಂದು ಹಳೆಯ ಗುಂಡಿಯನ್ನು ಮಾವನವರು ದೂರದಿಂದಲೇ ತೋರಿಸಿದರು. ಬಾಯಿಗೆ ಮುಳ್ಳುಬೇಲಿ, ಒಳಗಿನಿಂದ ಬಾವಲಿಯ ವಾಸನೆ. ಮಗ ಒಂದು ಕಲ್ಲು ಎಸೆದ. ಬಿದ್ದ ಸದ್ದು ಕೇಳಲು ತಡವಾಯಿತು. ನಮ್ಮ ಮನೆಯವರು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡರು.

ನಾವು ಗಾಳಿಗುಂಡಿ ಬಸವಣ್ಣನ ಹತ್ತಿರ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಹೆಸರಿಗೆ ತಕ್ಕ ಸ್ಥಳ. ಗಾಳಿ ಎಂದರೆ ಅಂಥಿಂಥ ಗಾಳಿಯಲ್ಲ. ಟೊಪ್ಪಿಗೆ, ಸೆರಗು, ಮಾತು ಎಲ್ಲವನ್ನೂ ಹಾರಿಸಿಕೊಂಡು ಹೋಗುತ್ತದೆ. ಗುಡ್ಡದ ಬೆನ್ನಿನುದ್ದಕ್ಕೂ ಗಾಳಿಯಂತ್ರಗಳ ಬಿಳಿ ತೋಳುಗಳು ತಿರುಗುತ್ತಿದ್ದವು. ಕೆಳಗೆ ಎಷ್ಟು ದೂರಕ್ಕೂ ಹೊಲಗಳ ಚೌಕ. ಮಗಳು ಎರಡು ಕೈಯನ್ನೂ ಅಗಲಿಸಿ ಗಾಳಿಗೆ ಎದೆಯೊಡ್ಡಿ ನಿಂತಿದ್ದಳು. ಅವಳು ಉಸಿರು ತೆಗೆದುಕೊಳ್ಳುವುದನ್ನು ನಾವು ಅಭ್ಯಾಸಬಲದಿಂದ ಕಿವಿಗೊಟ್ಟು ಕೇಳಿದೆವು. ಎದೆಯೊಳಗಿನ ಆ ಸಿಳ್ಳೆ ಇರಲಿಲ್ಲ. ಗದಗದಲ್ಲಿ ಗಾಳಿ ಶುದ್ಧವೆಂದು ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಈ ಕಡೆಯ ಜನ ಅದರ ಕೀರ್ತಿಯನ್ನು ಕಪ್ಪತಗುಡ್ಡಕ್ಕೆ ಕೊಡುತ್ತಾರೆ. ರೋಹಿಣಿಯಲ್ಲೂ ಗಾಳಿಯನ್ನು ಅಳೆಯುವ ಕೇಂದ್ರ ಒಂದಿದೆ. ನವೆಂಬರಿನಲ್ಲಿ ಅದರ ಅಂಕಿ ನೋಡಿ ಶಾಲೆಗೆ ರಜೆ ಕೊಡುತ್ತಾರೆ.

ಊಟ ಬಿಚ್ಚಿದೆವು: ಕಟಕ ರೊಟ್ಟಿ, ಎಣ್ಣಿಗಾಯಿ ಬದನೆ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಗ ರೊಟ್ಟಿ ಮುರಿಯುತ್ತ, “ಅಜ್ಜಾ, ಕೆಳಗೆ ಚಿನ್ನ ಇದೆ ಅಂತ ಎಲ್ಲರಿಗೂ ಗೊತ್ತಲ್ಲ, ಮತ್ತೆ ಯಾಕೆ ತೆಗೆಯಲ್ಲ?” ಎಂದು ಕೇಳಿದ. ಹನ್ನೊಂದು ವರ್ಷದವನ ಪ್ರಶ್ನೆ. ಆದರೆ ಇದೇ ಪ್ರಶ್ನೆಯ ಮೇಲೆ ಈ ಜಿಲ್ಲೆ ವರ್ಷಗಟ್ಟಲೆ ಬಡಿದಾಡಿದೆ.

ಮಾವನವರು ಹೇಳಿದ್ದನ್ನು, ನಾವು ಪತ್ರಿಕೆಗಳಲ್ಲಿ ಓದಿದ್ದರೊಡನೆ ಕೂಡಿಸಿ, ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ. ಚಿನ್ನದ ಬೆಲೆ ಏರಿದಂತೆ ಹಳೆಯ ಗುಂಡಿಗಳ ಮೇಲೆ ಕಂಪನಿಗಳ ಕಣ್ಣು ಮತ್ತೆ ಬಿತ್ತು. ಕಬ್ಬಿಣದ ಅದಿರೂ ಈ ಗುಡ್ಡದಲ್ಲಿದೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಹೊಲಗಳಲ್ಲಿ ಕೊರಿಯದ ಪೋಸ್ಕೋ ಉಕ್ಕಿನ ಕಾರಖಾನೆ ಬರುವುದಿತ್ತು. ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು, ಅದು ಬರಲಿಲ್ಲ. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸರಕಾರ ಸಾರಿತು. ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಅದೇ ಸರಕಾರ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಒಂದು ಆಜ್ಞೆ ಹೊರಡಲು ಎಷ್ಟು ಸಹಿ ಬೇಕೆಂದು ಗೊತ್ತು. ಹಿಂದಕ್ಕೆ ಬರಲು ಅಷ್ಟು ಬೇಕಾಗುವುದಿಲ್ಲ. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ದೊಡ್ಡ ಧರಣಿ ನಡೆಯಿತು. ಸ್ವಾಮಿಗಳು ಅಲ್ಲಿಯೂ ಮುಂದಾಳು. ನಮ್ಮ ಮಾವನವರೂ ಕೊಡೆ, ನೀರಿನ ತಂಬಿಗೆ ಹಿಡಿದುಕೊಂಡು ಹೋಗಿ ಕುಳಿತು ಬಂದರು. ವಯಸ್ಸಿನಲ್ಲಿ ಅವರು ಮಾಡಿದ ಮೊದಲ ಸರಕಾರ ವಿರೋಧಿ ಕೆಲಸ ಅದೇ ಎಂದು ಅತ್ತೆಯವರು ಇನ್ನೂ ನಗುತ್ತಾರೆ. ಎಪ್ರಿಲಿನಲ್ಲಿ ಮೀಸಲು ಮತ್ತೆ ಬಂತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರಿನಷ್ಟು ಗುಡ್ಡ ವನ್ಯಜೀವಿ ಧಾಮವೇ ಆಯಿತು. ಅದನ್ನು ಕಾಣಲು ಸ್ವಾಮಿಗಳಿರಲಿಲ್ಲ. ಅವರು 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾಗಿದ್ದರು.

“ಅದಕ್ಕs ತಗ್ಯಾಂಗಿಲ್ಲ ಮಗಾ. ಗುಡ್ಡ ಹೋದ್ರ ಮಳಿ ಹೋತು. ಬಂಗಾರ ತಿಂದು ಬದುಕಾಕ ಆಗತೈತೇನು?” ಎಂದು ಮಾವನವರು ಮೊಮ್ಮಗನ ತಟ್ಟೆಗೆ ಮೊಸರು ಹಾಕಿದರು.

ಆಗ ಮೈದುನ ಬಾಯಿ ಬಿಟ್ಟ. ತಂದೆಯ ಮುಖ ನೋಡದೆ, ನಮ್ಮ ಕಡೆ ತಿರುಗಿ ಹೇಳಿದ: “ಮಾಮಾರ, ಅಪ್ಪಾಜಿಗೆ ಪಿಂಚಣಿ ಬರತೈತಿ. ನೀವು ದಿಲ್ಲ್ಯಾಗ ಸರಕಾರಿ ನೌಕರಿ ಮಾಡ್ತೀರಿ. ಗುಡ್ಡ ಉಳೀಲಿ ಅಂತ ನೀವಿಬ್ರೂ ಅನ್ನಬಹುದು. ನಾನೇನು ಗುಡ್ಡ ಕಡೀರಿ ಅನ್ನಾಂಗಿಲ್ಲ. ಆದ್ರ ನನ್ನ ಸಂಗಾತಿ ಐ.ಟಿ.ಐ. ಆದವರು ಹದಿನೆಂಟು ಮಂದಿ. ಊರಾಗ ಉಳದವರು ಮೂರು ಮಂದಿ. ಉಳದವರೆಲ್ಲಾ ಪುಣೆ, ಗೋವಾ, ಬೆಂಗಳೂರು. ಅವರಿಗೇನು ಹೇಳ್ತೀರಿ?”

ಗಾಳಿಯ ಸದ್ದೊಂದೇ ಉಳಿಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಊರಿನಲ್ಲಿ ಕೆಲಸವಿದ್ದಿದ್ದರೆ ನಾವು ಬಿ.ಎ. ಮುಗಿಸಿ ಪರೀಕ್ಷೆ ಬರೆದು ಎರಡು ಸಾವಿರ ಕಿಲೋಮೀಟರ್ ದೂರದ ರೋಹಿಣಿಯಲ್ಲಿ ಮೂರನೆಯ ಮಹಡಿಯ ಎರಡು ಕೋಣೆಯಲ್ಲಿ ಏಕೆ ಇರುತ್ತಿದ್ದೆವು? ಇದನ್ನು ಓದುತ್ತಿರುವ ನೀವಾದರೂ ಏಕೆ ಇರುತ್ತಿದ್ದಿರಿ?

ಉತ್ತರವೆಂದಲ್ಲ, ಕೋಲಾರದ ಕಥೆ ಹೇಳಿದೆವು. ನಮ್ಮ ಚಿಕ್ಕಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿಯುತ್ತಿದ್ದವರು. ಆ ಗಣಿ ನೆಲದೊಳಕ್ಕೆ 3 ಕಿಲೋಮೀಟರಿಗೂ ಹೆಚ್ಚು ಆಳ. ಲೋಕದಲ್ಲೇ ಅತಿ ಆಳದ ಗಣಿಗಳಲ್ಲಿ ಒಂದೆಂದು ಪ್ರಸಿದ್ಧಿ. ಆ ಆಳದಲ್ಲಿ ಕಲ್ಲು ಮುಟ್ಟಿದರೆ ಬಿಸಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಮುಟ್ಟಿದ್ದು ಕೆ.ಜಿ.ಎಫ್.ಗೆ. ನಮ್ಮ ಹಳ್ಳಿಯಲ್ಲಿ ಬುಡ್ಡಿ ದೀಪವಿದ್ದಾಗ ಅಲ್ಲಿ ಬಿಜಲಿ ದೀಪ, ಕ್ಲಬ್ಬು, ಆಸ್ಪತ್ರೆ. ಹೀಗೆ 120 ವರ್ಷ ನಡೆದು, ಸುಮಾರು 800 ಟನ್ ಚಿನ್ನ ಕೊಟ್ಟು, 2001ರಲ್ಲಿ ಗಣಿ ಮುಚ್ಚಿತು. ನಾವು ಆಗ ಮಿಡ್ಲ್ ಸ್ಕೂಲು. ಚಿಕ್ಕಪ್ಪ ಮರುದಿನವೂ ಹಳೆಯ ಹೊತ್ತಿಗೇ ಎದ್ದು, ಟೊಪ್ಪಿಗೆ ಹಾಕಿಕೊಂಡು, ಜಗಲಿಯ ಮೇಲೆ ಕುಳಿತದ್ದು ನೆನಪಿದೆ. ಅನಂತರ ಅವರು ಬೆಂಗಳೂರಿನಲ್ಲಿ ಒಂದು ಕಟ್ಟಡದ ಕಾವಲುಗಾರರಾದರು. ಮುಂಜಾನೆ ಕತ್ತಲಿನಲ್ಲಿ ಮಾರಿಕುಪ್ಪಂ ರೈಲು ಹತ್ತಿ, ರಾತ್ರಿ ಅದೇ ರೈಲಿನಲ್ಲಿ ಹಿಂದಿರುಗುವುದು. ಸಾವಿರಾರು ಜನ ಇಂದಿಗೂ ಹಾಗೆಯೇ ಹೋಗಿ ಬರುತ್ತಾರೆ.

ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಮಿಕ್ಕ ಪುಡಿಯ ರಾಶಿ ಅದು. ಎಲ್ಲ ಸೇರಿ ಮೂರು ಕೋಟಿ ಟನ್ನಿಗೂ ಮೇಲೆ. ಚೈತ್ರ ವೈಶಾಖದ ಗಾಳಿಗೆ ಆ ಪುಡಿ ಎದ್ದು ಮನೆಯೊಳಗಿನ ಅನ್ನದ ತಪ್ಪಲೆಯ ತನಕ ಬರುತ್ತಿತ್ತು. ಲೆಕ್ಕ ಬಹಳ ಸುಲಭ. ಈ ಕಾಲದಲ್ಲಿ ಟನ್ ಕಲ್ಲಿಗೆ 3 ಗ್ರಾಂ ಚಿನ್ನ ಸಿಕ್ಕರೆ ಗಣಿ ಮಾಡಬಹುದು ಎನ್ನುತ್ತಾರೆ. ಹಾಗಾದರೆ ನಮ್ಮ ಮನೆಯವರ ಐದು ತೊಲದ ಸರಕ್ಕೆ ಹತ್ತಿರ ಹತ್ತಿರ 20 ಟನ್ ಗುಡ್ಡ, ಎರಡು ಲಾರಿ ತುಂಬ ಕಲ್ಲು, ಪುಡಿಯಾಗಬೇಕು. ಸರ ಕೊರಳಿಗೆ ಬರುತ್ತದೆ, ಎರಡು ಲಾರಿ ಪುಡಿ ಯಾರದೋ ಮನೆಯ ಮುಂದೆ ಉಳಿಯುತ್ತದೆ. ನಮ್ಮ ಮನೆಯವರು ಇದನ್ನು ಕೇಳಿ ಸರವನ್ನು ಸೆರಗಿನೊಳಕ್ಕೆ ಸರಿಸಿಕೊಂಡರು.

ಮೈದುನ ಎಲ್ಲವನ್ನೂ ಕೇಳಿದ. “ಖರೆ ಐತ್ರಿ. ಆದ್ರ 120 ವರ್ಷ ಅಂದ್ರ ನಾಕು ತಲಿ ಉಂಡಾವಲ್ರಿ” ಎಂದ. ಅದೂ ನಿಜವೇ. ಚಿಕ್ಕಪ್ಪನ ತಂದೆ, ಅಜ್ಜ ಅದೇ ಗಣಿಯ ಅನ್ನ ಉಂಡವರು. ಕಪ್ಪತಗುಡ್ಡದ ಗಣಿ ಹತ್ತು ಹನ್ನೆರಡು ವರ್ಷಕ್ಕೇ ಮುಚ್ಚಿದ್ದು, ಈ ಸಲ ತೆರೆದರೂ ಯಂತ್ರಗಳೇ ಕೆಲಸ ಮಾಡುವ ಕಾಲದಲ್ಲಿ ಹದಿನೆಂಟು ಮಂದಿಯಲ್ಲಿ ಎಷ್ಟು ಮಂದಿಗೆ ಜಾಗ ಸಿಗುತ್ತಿತ್ತು, ಎಷ್ಟು ವರ್ಷ ಸಿಗುತ್ತಿತ್ತು ಎಂದು ನಾವು ಕೇಳಬಹುದಿತ್ತು. ಕೇಳಲಿಲ್ಲ. ಪಿಂಚಣಿಯ ನೌಕರಿಯಲ್ಲಿ ಕುಳಿತು ಕೇಳುವ ಪ್ರಶ್ನೆಯಾಗಿ ಅದು ಕಾಣಲಿಲ್ಲ. ಗುಡ್ಡ ಉಳಿದದ್ದು ಒಳ್ಳೆಯದೆಂದೇ ನಮ್ಮ ಮತ. ಆದರೆ ಗುಡ್ಡ ಉಳಿಸಿದವರು ಅದರ ತಪ್ಪಲಿನ ಹುಡುಗರ ಮಾತನ್ನೂ ಎತ್ತಿಕೊಂಡರೆ ಮಾತ್ರ ಅದು ಮುಂದೆಯೂ ಉಳಿದೀತು ಎಂದು ಆ ಮಧ್ಯಾಹ್ನ ತೋರಿತು.

ಇಳಿಯುವಾಗ ಚೌಕಿಯಲ್ಲಿ ಒಂದು ಚಿಕ್ಕ ಪ್ರಸಂಗ. ಮಗಳ ಫ್ರಾಕಿನ ಜೇಬು ಜೋತುಬಿದ್ದಿತ್ತು. ಕಾವಲಿನವರು ನಗುತ್ತ, “ಏನವ್ವಾ, ಗುಡ್ಡಾನ ತೊಗೊಂಡು ಹೊಂಟೀಯೇನು?” ಎಂದರು. ಹೊರಗೆ ಬಂದದ್ದು ಥಳಥಳ ಹೊಳೆಯುವ ಮೂರು ಕಲ್ಲು. ಚಿನ್ನವೆಂದು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದಳು. ಅದು ಚಿನ್ನವಲ್ಲ, ಕಾಗೆಬಂಗಾರವೆಂದು ಅಜ್ಜ ವಿವರಿಸಿದರು. ಕಾಗೆಯದೇ ಆದರೂ ಧಾಮದಿಂದ ಏನನ್ನೂ ಒಯ್ಯಕೂಡದೆಂದು ಕಾವಲಿನವರು ವಿವರಿಸಿದರು. ಅವಳು ಅತ್ತು, ಮೂರನ್ನೂ ರಸ್ತೆಯ ಬದಿಗೆ ಸಾಲಾಗಿ ಇಟ್ಟು, ಮತ್ತೆ ಬಂದಾಗ ಗುರುತಿಗೆ ಇರಲೆಂದು ಮೇಲೊಂದು ಎಲೆ ಮುಚ್ಚಿ ಬಂದಳು.

ಹೋಗಬೇಕೆನ್ನುವ ವಾಚಕರಿಗೆ ಎರಡು ಮಾತು. ಆಷಾಢದಿಂದ ಕಾರ್ತಿಕದ ತನಕ ಗುಡ್ಡ ಹಸಿರು. ಬೇಸಗೆಯಲ್ಲಿ ಒಣ ಹುಲ್ಲಿಗೆ ಬೆಂಕಿಯ ಭಯ, ಆಗ ಹೋಗುವುದರಲ್ಲಿ ಅರ್ಥವಿಲ್ಲ. ಮೇಲೆ ಹೋಟೆಲುಗಳನ್ನು ನೆಚ್ಚಬೇಡಿ. ಬುತ್ತಿ, ನೀರು ಕಟ್ಟಿಕೊಂಡೇ ಹೋಗಬೇಕು. ಹಳೆಯ ಗಣಿಗುಂಡಿಗಳ ಹತ್ತಿರ ಮಕ್ಕಳನ್ನು ಬಿಡಬೇಡಿ. ಗಾಳಿಗುಂಡಿಯಲ್ಲಿ ಟೊಪ್ಪಿಗೆಯ ಆಸೆ ಬಿಡಿ. ನಮ್ಮದು ಅಲ್ಲೇ ಎಲ್ಲೋ ಇದೆ.

ಮರುದಿನ ವಿಜಯದಶಮಿ. ಉತ್ತರ ಕರ್ನಾಟಕದ ಆ ಸಂಜೆಯನ್ನು ನಮ್ಮ ಕೋಲಾರದ ಕಡೆಯವರು ಕಂಡಿರಲಾರರು. ಊರಿಗೆ ಊರೇ ಬನ್ನಿಯ ಎಲೆ ಹಿಡಿದು ಬೀದಿಗೆ ಬರುತ್ತದೆ. ಚಿಕ್ಕವರು ದೊಡ್ಡವರ ಕೈಗೆ ಎಲೆ ಕೊಟ್ಟು ಕಾಲು ಮುಟ್ಟುತ್ತಾರೆ; ಸರೀಕರು ಅಪ್ಪಿಕೊಳ್ಳುತ್ತಾರೆ; ಬನ್ನಿ ತೊಗೊಂಡು ಬಂಗಾರದಂಗ ಇರೂಣು ಎಂದು ಒಬ್ಬರಿಗೊಬ್ಬರು ಹೇಳುತ್ತಾರೆ. ಆ ದಿನ ಆ ಎಲೆಗೆ ಹೆಸರೇ ಬಂಗಾರ. ಹಿಂದಿನ ದಿನ ಮೇಲೆ ಮಾತಿಗೆ ಮಾತು ಬಂದ ಮೇಲೆ ಮನೆಯಲ್ಲಿ ಅಪ್ಪ ಮಗ ಅಷ್ಟಾಗಿ ಮಾತಾಡಿರಲಿಲ್ಲ. ಮೈದುನ ಬಂದು ತಂದೆಯ ಕೈಯಲ್ಲಿ ಬನ್ನಿ ಇಟ್ಟು ಬಗ್ಗಿದ. ಮಾವನವರು ಅವನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ನಮ್ಮ ಮಗಳು ಊರವರೆಲ್ಲ ಕೊಟ್ಟ ಎಲೆಗಳನ್ನು ಎಣಿಸಿ, “ಅಪ್ಪಾ, ಇದನ್ನ ತೊಗೊಂಡು ಹೋಗಬಹುದಾ?” ಎಂದು ಕೇಳಿದಳು. ಹೋಗಬಹುದು ಎಂದೆವು.

ಈಗ ರೋಹಿಣಿಗೆ ಬಂದು ತಿಂಗಳು ಕಳೆದಿದೆ. ಹಬೆಯ ಯಂತ್ರ ಮತ್ತೆ ದೇವರ ಪೆಟ್ಟಿಗೆಯ ಪಕ್ಕಕ್ಕೆ ಬಂದಿದೆ. ಕಚೇರಿಯಲ್ಲಿ ಎಲ್.ಟಿ.ಸಿ. ಬಿಲ್ಲಿಗೆ ಒಂದು ಆಕ್ಷೇಪಣೆ ಬಿದ್ದಿದೆ: ಲೋಂಡಾದಿಂದ ಹುಬ್ಬಳ್ಳಿಗೆ ಹೋದ ಟಿಕೆಟ್ಟು ಲಗತ್ತಿಸಿಲ್ಲವಂತೆ. ಕಳೆದ ಭಾನುವಾರ ಮೈದುನನ ಫೋನು ಬಂದಿತ್ತು. ಹಾಲಹವಾಲು ಎಲ್ಲ ಆದ ಮೇಲೆ ಸ್ವಲ್ಪ ತಡೆದು, “ಮಾಮಾರ, ದಿಲ್ಲಿ ಮೆಟ್ರೋದಾಗ ಐ.ಟಿ.ಐ. ಆದವರನ್ನ ತೊಗೋತಾರಂತ, ಖರೇನ್ರಿ? ಅಪ್ಪಾಜಿಗೆ ಈಗs ಹೇಳಬ್ಯಾಡ್ರಿ” ಎಂದ. ವಿಚಾರಿಸುತ್ತೇವೆ ಎಂದೆವು. ಸೋಮವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಿಚಾರಿಸಿ, ಯಾವಾಗ ಕರೆಯುತ್ತಾರೆ, ವಯಸ್ಸಿನ ಮಿತಿ ಎಷ್ಟು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಕಳಿಸಿದ್ದೇವೆ.